ಬೊಂಬಾಯಿಯಲ್ಲಿ ಸುಸ್ಥಿತಿಯಲ್ಲಿರುವ, ನಮ್ಮ ಒಲೆ ಪಕ್ಕ ಮಲಗಿರುವ ನಾಯಿಯ ಬಗ್ಗೆ

“ನಾಯಿ ಬದುಕಿದೆ ಅಂತ ಬಾಯಲ್ಲಿ ಹೇಳಿದ್ರೆ ಬದುಕಿದ ಹಾಗಾಗಲ್ಲ ಕಣಯ್ಯ, ಬರೆದು ಕೊಡು” ಎಂದು ತಮ್ಮ ಬಿಲ್ಲೆ ಗುಮಾಸ್ತೆ ಪುಟ್ಟರಾಜು ಅವರು, ನೆನ್ನೆ ದಿನ ಎಲೆಅಡಿಕೆ ಉಗಿಯುವುದಕ್ಕೆ ಎದ್ದವರು, ಕಿಟಕಿ ಹತ್ತಿರ ನಿಂತು ಅಪ್ಪಣೆ ಕೊಡಿಸಿದ್ದರಿಂದ ಬರೆದುಕೊಂಡ ಅರ್ಜಿ.

ಇಂದ:
ಅಂಕಯ್ಯ ಬಿನ್ ಮರಿಸಿದ್ದಯ್ಯ,
ಜವಾನ, ದವಾಲಿ ನಂಬರು ೯,
ಶಿಂಷಾ ದಂಡೆ ಕಾಮಗಾರಿ ಕ್ಯಾಂಪು, ಮಳವಳ್ಳಿ ರಸ್ತೆ, ಮದ್ದೂರು ತಾಲ್ಲೂಕು.

ಗೆ:
ಮಾನ್ಯ ಅಧ್ಯಕ್ಷರು,
ಕ್ಯಾಂಪು ನೈರ್ಮಲ್ಯ ಕಮಿಟಿ, ನಾಯಿ ಬಿಲ್ಲೆ ಶಾಖೆ.

ದಿನಾಂಕ: ೨೩ನೇ ಮೇ ೧೯೪೭, ಶುಕ್ರವಾರ, ಬೆಳಿಗ್ಗೆ.

ವಿಷಯ: ವಿಮಾನದಲ್ಲಿ ಸುರಕ್ಷಿತವಾಗಿ ಬೊಂಬಾಯಿ ತಲುಪಿದ್ದೆಂದು ದಾಖಲಾಗಿರುವ ನಾಯಿಯು ಕಾಲುನಡಿಗೆಯಲ್ಲಿ ನಮ್ಮ ಮನೆ ತಲುಪಿದ್ದು, ಅದಕ್ಕೆ ಹಿತ್ತಾಳೆ ಬಿಲ್ಲೆ ದಯಪಾಲಿಸುವ ಬಗ್ಗೆ.

ಉಲ್ಲೇಖ: ೧) ಸಾಕುಪ್ರಾಣಿಗಳನ್ನು ವಿಮಾನದಲ್ಲಿ ಕಳಿಸುವವರಿಗೆ ಹದಿನಾಲ್ಕು ಸೂಚನೆಗಳು, ವಿಮಾನ ಕಂಪನಿಯವರ ಅಚ್ಚಿನ ಹಾಳೆ. ೨) ಬೊಂಬಾಯಿಯಿಂದ ಬಂದ ರಸೀತಿ. ೩) ಮೇಡಂ ಅವರ ಕಾಗದ ಮತ್ತು ಅದಕ್ಕೆ ಕಛೇರಿಯ ಜವಾಬು. ೪) ಸದರಿ ನಾಯಿ, ಖುದ್ದು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರನು ತಲೆ ಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾಳೆ ಶನಿವಾರ. ಶನಿವಾರ ಬೆಳಿಗ್ಗೆ ಕ್ಯಾಂಪಿನಲ್ಲಿ ಬಿಲ್ಲೆ ಇಲ್ಲದ ನಾಯಿಗಳನ್ನೆಲ್ಲ ಹಿಡಿದು ತೀರಿಸತಕ್ಕದ್ದೆಂದು ತಾವು ಡಂಗುರ ಹೊಡೆಸಿದ್ದೀರಿ. ನಮ್ಮ ಮನೆ ನಾಯಿಯ ಕೊರಳಲ್ಲಿ ಬಿಲ್ಲೆ ಇಲ್ಲ. ಇಲ್ಲದಿರುವುದು ನಾಯಿಯ ತಪ್ಪಲ್ಲ. ಯಾರ ತಪ್ಪೆಂಬುದನ್ನು ನಾನು ಹೇಳುವುದಿಲ್ಲ, ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ, ಮಾನ್ಯರೇ ಕಂಡುಕೊಳ್ಳಬೇಕು.

೧. ಸದರಿ ನಾಯಿ ನಮ್ಮ ಕಾಮಗಾರಿಯ ಇಂಗ್ಲಿಷ್ ಇಂಜಿನಿಯರು ದೊರೆಯವರ ನಾಯಿ. ಬಂಗಲೆಯಲ್ಲಿ ಹೆಸರು ಬ್ಯಾರನ್. ನಮ್ಮ ಬಾಯಿಗೆ ಅದು ಬೈರ. ಎರಡಕ್ಕೂ ಓಗೊಡುತ್ತದೆ. ಗಂಡು. ಮೈ ಬೆಂದ ಇಟ್ಟಿಗೆ ಬಣ್ಣ, ಕಿವಿ ಜೋಲು, ಬಾಲ ಅರ್ಧ. ಈ ನಾಲ್ಕು ಗುರುತುಗಳನ್ನು ಮಾನ್ಯರು ನೆನಪಿಟ್ಟುಕೊಂಡಿರಬೇಕಾಗಿ ಕೋರುತ್ತೇನೆ, ಕೆಳಗೆ ಬೇಕಾಗುತ್ತವೆ.

೨. ಕಳೆದ ಫೆಬ್ರವರಿಯಲ್ಲಿ ದೊರೆಯವರು ಕೆಲಸ ಬಿಟ್ಟು ಸೀಮೆಗೆ, ಎಂದರೆ ಇಂಗ್ಲೆಂಡಿಗೆ, ಹೊರಟರು. ಅವರ ಹೆಂಡತಿ ಮೇಡಂ ಅವರು ಮೊದಲೇ ಬೊಂಬಾಯಿಗೆ ಹೋಗಿ ಕೂತಿದ್ದರು. ವಿಮಾನದಲ್ಲಿ ಹೊಟ್ಟೆ ತೊಳಸುತ್ತದೆಂಬ ಕಾರಣ ದೊರೆ ರೈಲು ಹತ್ತಿದರು. ರೈಲಿನ ಮಸಿ ಆಗುವುದಿಲ್ಲವೆಂಬ ಕಾರಣ ನಾಯಿಗೆ ವಿಮಾನವೆಂದು ತೀರ್ಮಾನವಾಯಿತು. ಆದ್ದರಿಂದ ಹದಿನಾಲ್ಕು ಸೂಚನೆಗಳ ಹಾಳೆ ಬಂತು. ಪೆಟ್ಟಿಗೆ ಇಷ್ಟು ಉದ್ದ, ಗಾಳಿಗೆ ಇಷ್ಟು ತೂತು, ನೀರಿನ ತಟ್ಟೆ ಚೆಲ್ಲದಂತೆ ಬಿಗಿದಿರಬೇಕು, ಹೊರಡುವುದಕ್ಕೆ ಆರು ಗಂಟೆ ಮುಂಚೆಯಿಂದ ಊಟ ಕೊಡಕೂಡದು, ಗಬ್ಬದ ಪ್ರಾಣಿ ಸ್ವೀಕರಿಸುವುದಿಲ್ಲ, ಹೀಗೆ. ನಮ್ಮ ಹೆಡ್ ಗುಮಾಸ್ತೆ ದೊಡ್ಡಸಿದ್ದಯ್ಯನವರು ಅದನ್ನು ಗೋಡೆಗೆ ಮೊಳೆ ಹೊಡೆಸಿ, ದಿನಕ್ಕೊಂದು ಸಲ ನಮ್ಮನ್ನೆಲ್ಲ ನಿಲ್ಲಿಸಿ ಓದಿದರು. ನಾನು ಇಪ್ಪತ್ತು ವರ್ಷ ಟಪಾಲು ಹೊತ್ತೂ ಹೊತ್ತೂ, ಹೊತ್ತಿದ್ದನ್ನು ಓದುವುದು ಕಲಿತವನು. ಇಷ್ಟು ಕಾಲದಲ್ಲಿ ಒಂದು ಜೀವವನ್ನು ಜೋಪಾನವಾಗಿ ಕಳಿಸುವುದು ಹೇಗೆಂದು ಯಾರಾದರೂ ಅಚ್ಚು ಹಾಕಿಸಿದ್ದನ್ನು ಅದೇ ಮೊದಲು ನೋಡಿದ್ದು. ಮದ್ದೂರಿಂದ ಮಳವಳ್ಳಿಗೆ ಹೋಗುವ ಇದ್ದಿಲು ಬಸ್ಸಿನಲ್ಲಿ ಮನುಷ್ಯರಿಗೆ ಇರುವುದು ಒಂದೇ ಸೂಚನೆ, “ಒತ್ತರಿಸ್ಕೊ”. ಅದನ್ನೂ ಅಚ್ಚು ಹಾಕಿಸಿಲ್ಲ.

೩. ಬಂಗಲೆ ಖಾಲಿಯಾದ ಮೇಲೆ ವಿಮಾನದ ದಿನ ಬರುವ ತನಕ ಮೂರು ದಿವಸ ನಾಯಿಯನ್ನು ನಮ್ಮ ಮನೆಯಲ್ಲಿಡಲು ಹುಕುಂ ಆಯಿತು. ನನ್ನ ಹೆಂಡತಿ ಮಲ್ಲಿಗಮ್ಮ ಕೆರಗೋಡಿನ ಕಡೆಯವಳು. ಅವಳ ತವರಿನಲ್ಲಿ ಹೊಸದಾಗಿ ಕೋಳಿ ಬರಲಿ, ಬೆಕ್ಕು ಬರಲಿ, ಕರು ಬರಲಿ, ಒಲೆ ಸುತ್ತ ಮೂರು ಬಲಸುತ್ತು ಹಾಕಿಸಿ ಹಣೆಗೆ ಚಿಟಿಕೆ ಬೂದಿ ಇಡುತ್ತಾರೆ. ಹಾಗೆ ಮಾಡಿದ ಪ್ರಾಣಿ ಮನೆ ಮರೆಯುವುದಿಲ್ಲ. ಅದರಂತೆ ಮಲ್ಲಿಗಮ್ಮ ಬೈರನನ್ನೂ ಸುತ್ತಿಸಿದಳು. “ಇದೇ ನಿನ್ ಮನೆ, ಇದೇ ನಿನ್ ಒಲೆ, ಎಲ್ಲೋದ್ರೂ ಬಾ ಕಣಪ್ಪ” ಎಂದಳು.

“ಮೂರು ದಿನಕ್ಕೆ ಇದೆಲ್ಲ ಯಾಕೆ?” ಎಂದೆ.

“ಮೂರ್ ದಿನದಲ್ಲಿ ತಪ್ಪುಸ್ಕೊಂಡ್ ಓದ್ರೆ ಎಡ್ ಗುಮಾಸ್ತ್ರು ನಿಮ್ಮನ್ನ ಬುಡ್ತಾರಾ?” ಎಂದಳು. ಮಾತು ಸರಿಯಾಗಿತ್ತು.

ಈಗ ಇದರ ಇನ್ನೊಂದು ಭಾಗ. ಹಾಗೆ ಒಲೆಗೆ ಕಟ್ಟಿದ ಪ್ರಾಣಿಯನ್ನು ಬೇರೆಯವರಿಗೆ ಒಪ್ಪಿಸುವಾಗ ಮೂರು ಎಡಸುತ್ತು ಹಾಕಿಸಿ ಬಿಚ್ಚಬೇಕು. ಹೊರಡುವ ದಿನ ಅವಳು ನಾಯಿಯ ಪಟ್ಟಿ ಹಿಡಿದು ಒಳಕ್ಕೆ ಹೊರಟಿದ್ದಳು. ಬಾಗಿಲಲ್ಲಿ ಲಾರಿ ಹಾರನ್ನು ಹೊಡೆಯುತ್ತಿತ್ತು. ದೊಡ್ಡಸಿದ್ದಯ್ಯನವರು ಡ್ರೈವರ್ ಪಕ್ಕದಿಂದ ಕತ್ತು ಹೊರಗೆ ಹಾಕಿದರು.

“ಏನಮ್ಮ ಇನ್ನೂ?”

“ಒಂದ್ ಗಳಿಗೆ ತಾಳಿ ಬುದ್ಧಿ, ಬಿಚ್ಚಿ ಕಳುಸ್ತೀನಿ.”

“ಏನು ಬಿಚ್ಚೋದು, ಹಗ್ಗವೇ?”

“ಇಲ್ಲ ಬುದ್ಧಿ, ಒಲೆ.”

“ಹದಿನಾಲ್ಕು ಸೂಚನೇಲಿ ಒಲೆ ಇಲ್ಲ! ಲೋ ಅಂಕ, ಹತ್ತಿಸೋ!”

ನಾನು ಹತ್ತಿಸಿದೆ. ಈ ಭಾಗದ ತಪ್ಪನ್ನು ಅರ್ಜಿದಾರನು ಒಪ್ಪಿಕೊಳ್ಳುತ್ತಾನೆ.

೪. ಪೆಟ್ಟಿಗೆ ಮಾಡಿದವರು ಮದ್ದೂರು ಪೇಟೆಯ ಗಫಾರ್ ಸಾಹೇಬರು. ಅವರ ಕೆಲಸದಲ್ಲಿ ಲೋಪ ಹಿಡಿಯುವವನು ಇನ್ನೂ ಹುಟ್ಟಬೇಕು. “ಅಂಕಣ್ಣ, ನನ್ನ ಮಗಳ ಮದುವೆ ಪೆಟ್ಟಿಗೇಗೂ ಇಷ್ಟು ಅಳತೆ ಹಿಡಿದಿಲ್ಲ, ಖುದಾ ಕಸಂ” ಎಂದು, ಮೂವತ್ತೆರಡು ತೂತು ಕೊರೆದು, ಮೂಗು ತರಚದ ಹಾಗೆ ಒಂದೊಂದರ ಅಂಚನ್ನೂ ಉಜ್ಜಿದ್ದರು. ಬೀಗ ಹಾಕುತ್ತೇನೆಂದರು. ಬೀಗ ಕೂಡದು, ಹೊರಗಿನಿಂದ ತೆಗೆಯಲು ಬರುವ ಚಿಲಕ ಇರತಕ್ಕದ್ದು ಎಂದು ಎಂಟನೇ ಸೂಚನೆ. ಹನ್ನೊಂದನೇ ಸೂಚನೆ ಮಾತ್ರ ನನಗೂ ಮನಸ್ಸಿಗೆ ಹಿಡಿಸಿತ್ತು. ಪ್ರಾಣಿ ಹೆದರದಂತೆ ಯಜಮಾನನ ಮೈವಾಸನೆ ಇರುವ ಬಟ್ಟೆಯೊಂದನ್ನು ಒಳಗೆ ಹಾಸಬೇಕು. ದೊರೆಯ ಬಟ್ಟೆಗಳೆಲ್ಲ ಒಗೆದು ಇಸ್ತ್ರಿಯಾಗಿ ರೈಲಿನಲ್ಲಿ ಹೋಗಿದ್ದವು. “ಯಾರದ್ದೋ ಒಂದು ಹಾಕೋ, ಬಟ್ಟೆ ಅಂತ ಇದ್ರೆ ಸಾಕು” ಎಂದರು ದೊಡ್ಡಸಿದ್ದಯ್ಯನವರು. ನಾನು ಹೆಗಲ ಮೇಲಿನ ಟವೆಲ್ಲು ಹಾಸಿದೆ. ಟವೆಲ್ಲಿಗೆ ನಮ್ಮ ಮನೆ ಹೊಗೆ, ನನ್ನ ಬೆವರು, ಮಲ್ಲಿಗಮ್ಮನ ಹುರುಳಿ ಬಸ್ಸಾರು, ಎಲ್ಲದರ ವಾಸನೆಯೂ ಇತ್ತು.

೫. ನಾನು ಲಾರಿಯಲ್ಲಿ ಹೋಗಲಿಲ್ಲ. ದಾರಿಯಲ್ಲಿ ಮುದ್ದಮ್ಮ ಎಂಬಾಕೆ ಕಂಕುಳಲ್ಲಿ ಕೂಸು ಹಿಡಿದುಕೊಂಡು ಲಾರಿಗೆ ಅಡ್ಡ ಬಂದಳಂತೆ. “ಮಗೀಗೆ ಮೈಯೆಲ್ಲ ಕೆಂಡ ಕಣ್ರಪ್ಪ, ಮದ್ದೂರು ಆಸ್ಪತ್ರೆಗಂಟ ಕೂರುಸ್ಕೊಳಿ.” ಪ್ರಾಣಿಯ ಸುತ್ತ ಜನ ಸೇರಕೂಡದೆಂದು ಒಂಬತ್ತನೇ ಸೂಚನೆ ಇರುವುದನ್ನು ದೊಡ್ಡಸಿದ್ದಯ್ಯನವರು ಆಕೆಗೆ ವಿವರಿಸಿ ಹೇಳಿದರಂತೆ. ಪೆಟ್ಟಿಗೆ ಸಡಿಲವಾದರೆ ಬಿಗಿಯುವುದಕ್ಕೆಂದು ಹಿಂದೆ ಕೂತಿದ್ದ ಗಫಾರ್ ಸಾಹೇಬರು ಮಾತಿಲ್ಲದೆ ಎದ್ದು, ಆಕೆಯನ್ನು ತಮ್ಮ ಜಾಗದಲ್ಲಿ ಕೂರಿಸಿ, ಮದ್ದೂರಿನ ತನಕ ಹಲಗೆ ಹಿಡಿದು ನೇತಾಡಿಕೊಂಡು ಹೋದರಂತೆ. ನಾಯಿ ತಕರಾರು ಮಾಡಲಿಲ್ಲವಂತೆ.

೬. ಬೆಂಗಳೂರಿನ ವಿಮಾನದ ಮೈದಾನದಲ್ಲಿ ನಡೆದದ್ದನ್ನು ಗಫಾರ್ ಸಾಹೇಬರ ಬಾಯಿಂದಲೇ ಬರೆದುಕೊಂಡಿದ್ದೇನೆ:

“ಪೆಟ್ಟಿಗೆ ಇಳಿಸಿದ್ವಿ. ಕಂಪನಿಯವನು ಫಾರಂ ಹಿಡ್ಕೊಂಡು, ಒಳಗಿರೋದು ಜೀವಂತ ಇದೆಯಾ ಅಂದ. ಬೊಗಳ್ತಾ ಇದೆಯಲ್ಲ ಸಾಬ್, ಕೇಳಲ್ವಾ ಅಂದೆ ನಾನು. ನಿಮ್ಮ ದೊಡ್ಡಸಿದ್ದಯ್ಯ ನನ್ನ ಪಕ್ಕಕ್ಕೆ ತಳ್ಳಿದ್ರು. ಕೇಳಿದ್ದು ಬರೆಯೋಕಾಗಲ್ಲ, ನೋಡಿದ್ದು ಬರೀಬೇಕು ಅಂತ ತಾವೇ ಚಿಲಕ ತೆಗೆದ್ರು. ನೋಡಿದ್ರು. ಜೀವಂತ ಇತ್ತು. ಹೋಯ್ತು.”

“ಹೋಯ್ತಾ?”

“ಬೇಲಿ ಹಾರಿ ಹೋಯ್ತು ಅಂಕಣ್ಣ. ಹಿಂದೆ ತಿರುಗಿ ನೋಡಲಿಲ್ಲ. ಹೋಯ್ತಲ್ಲ ಸಾಬ್ ಅಂದೆ. ಹೋಗಿದ್ದು ಯಾರು ನೋಡಿದ್ರು ಅಂದ್ರು! ಆ ಕಂಪನಿಯವನು ಸಹಿ ಹಾಕಿಸೋಕೆ ಒಳಗೆ ಹೋಗಿದ್ದ. ಅಲ್ಲೊಂದು ಟೀ ಅಂಗಡಿ. ಬೆಂಚಿನ ಕೆಳಗೆ ಒಂದು ಬಿಳಿ ಹೆಣ್ಣುನಾಯಿ ಮಲಗಿತ್ತು, ಬಾಲ ಇಷ್ಟುದ್ದ, ಹೊಟ್ಟೆ ನೆಲಕ್ಕೆ ತಾಕೋ ಹಾಗೆ. ನಾಯಿಗೆ ಅಂತ ದೊರೆ ಕೊಟ್ಟಿದ್ದ ಡಬ್ಬಿಯಿಂದ ದೊಡ್ಡಸಿದ್ದಯ್ಯ ಒಂದು ಬಿಸ್ಕತ್ತು ತೋರಿಸಿದ್ರು. ಬಸುರಿ ಹೆಂಗಸು ತವರಿಗೆ ಹೊರಟ ಹಾಗೆ ತಾನಾಗೇ ಒಳಗೆ ಹೋಗಿ ನಿನ್ನ ಟವೆಲ್ ಮೇಲೆ ಮಲ್ಕೊಂಡ್ಲು. ಚಿಲಕ ಹಾಕಿದ್ರು. ಒಳಗಿರೋದು ಜೀವಂತ ಅಂತ ಬರೆದ್ರು. ಬರೆದಿದ್ದು ಸುಳ್ಳಲ್ಲ.”

ಗಬ್ಬದ ಪ್ರಾಣಿಯ ಸೂಚನೆ ಆರನೆಯದು. ದಿನಕ್ಕೊಂದು ಸಲದಂತೆ ಓದಿದವರಿಗೆ ನೆನಪಿಗೆ ಬರಲಿಲ್ಲವೆಂದು ಕಾಣುತ್ತದೆ.

೭. ಹನ್ನೊಂದನೇ ದಿವಸ ಮಧ್ಯಾಹ್ನ ಮಲ್ಲಿಗಮ್ಮ ಮುದ್ದೆ ಕಟ್ಟುತ್ತಿದ್ದಳು. ಬೈರ ಹಿತ್ತಲ ಬಾಗಿಲಿಂದ ಬಂದು, ನಮ್ಮಿಬ್ಬರ ಮುಖವನ್ನೂ ನೋಡದೆ, ಒಲೆ ಪಕ್ಕದಲ್ಲಿ ಧೊಪ್ಪನೆ ಬಿದ್ದುಕೊಂಡಿತು. ನಾಲ್ಕು ಪಾದವೂ ಸುಲಿದಿದ್ದವು. ಪಕ್ಕೆಲುಬು ಎಣಿಸಬಹುದಾಗಿತ್ತು. ಕೊರಳಲ್ಲಿ ಹೊರಡುವಾಗ ಕಟ್ಟಿದ್ದ ಕಂಪನಿಯ ಚೀಟಿ ಇನ್ನೂ ಇತ್ತು, “ಬೊಂಬಾಯಿಗೆ. ಜೋಪಾನ.” ಮಲ್ಲಿಗಮ್ಮ ಪಾದಗಳಿಗೆ ಹರಳೆಣ್ಣೆ ಅರಿಶಿನ ಹಚ್ಚುತ್ತಾ ನನ್ನ ಕಡೆ ತಿರುಗಿದಳು.

“ನನ್ನೇನ್ ನೋಡ್ತೀರಿ? ಬಿಚ್ದೆ ಕಳುಸುದ್ರಿ. ಬತ್ತು.”

ಬೆಂಗಳೂರಿಂದ ಇಲ್ಲಿಗೆ ಅದಕ್ಕೆ ದಾರಿ ತೋರಿಸಿದ್ದು ಒಲೆಯೋ ಮೂಗೋ ನಾನರಿಯೆ. ಹದಿನಾಲ್ಕರಲ್ಲಿ ಒಂದು ಸೂಚನೆಯೂ ಅಲ್ಲವೆಂಬುದು ಖಚಿತ.

೮. ಅರ್ಜಿದಾರನು ಏನನ್ನೂ ಮುಚ್ಚಿಡಲಿಲ್ಲ. ಮಾರನೇ ದಿನವೇ ಹೆಡ್ ಗುಮಾಸ್ತೆಯವರ ಮೇಜಿನ ಮುಂದೆ ನಿಂತೆ.

“ಬುದ್ಧಿ, ಬ್ಯಾರನ್ ಬಂದಿದೆ.”

“ಎಲ್ಲಿಗೆ?”

“ನಮ್ಮನೆಗೆ.”

“ಅದು ಬೊಂಬಾಯಲ್ಲಿದೆ.” ಡ್ರಾಯರು ಎಳೆದು ರಸೀತಿ ತೆಗೆದರು. “ ‘ಪ್ರಾಣಿ ಒಂದು. ಸುಸ್ಥಿತಿಯಲ್ಲಿ ತಲುಪಿದೆ.’ ಓದಕ್ಕೆ ಬರುತ್ತಲ್ಲ, ಓದು.”

ಓದಿದೆ. “ಹಂಗಾರೆ ನಮ್ಮನೇಲಿ ಮಲಗಿರೋದು ಯಾವುದು ಬುದ್ಧಿ?”

“ಅದನ್ನ ನೀನು ಹೇಳಬೇಕು. ದೊರೆ ನಾಯಿ ಥರಾನೇ ಇರೋ ನಾಯೀನ ತಂದಿಟ್ಕೊಂಡು ಕಛೇರಿ ಮಾನ ಕಳೀಬೇಕು ಅಂತಿದೀಯೇನೋ?”

೯. ಏಪ್ರಿಲ್‌ನಲ್ಲಿ ಮೇಡಂ ಅವರ ಕಾಗದ ಬಂತು. ನಾಯಿ ತಲುಪುವ ಮುಂಚೆಯೇ ದೊರೆ ಹಡಗು ಹತ್ತಿದ್ದರು, ಮೇಡಂ ಬೊಂಬಾಯಿಯಲ್ಲೇ ಉಳಿದಿದ್ದರು. ದೊಡ್ಡಸಿದ್ದಯ್ಯನವರು ಕಾಗದವನ್ನು ಗಟ್ಟಿಯಾಗಿ ಕನ್ನಡ ಮಾಡುತ್ತಾ ಹೋದವರು ಅರ್ಧದಲ್ಲಿ ಧ್ವನಿ ಇಳಿಸಿದರು. ಬ್ಯಾರನ್ ಪ್ರಯಾಣದಿಂದ ಬಹಳ ಬದಲಾಗಿದ್ದಾನೆ. ಬೆಳ್ಳಗಾಗಿದ್ದಾನೆ. ಬಾಲ ಉದ್ದವಾಗಿದೆ. ಕಳೆದ ತಿಂಗಳು ನಾಲ್ಕು ಮರಿ ಹಾಕಿದ್ದಾನೆ. ಇದಕ್ಕೆ ತಮ್ಮ ಕಛೇರಿಯ ವಿವರಣೆ ಏನು?

ಕಛೇರಿಯ ವಿವರಣೆಯನ್ನು ಟಪಾಲಿಗೆ ಹಾಕಿದವನು ನಾನೇ. ಅದರ ಸಾರಾಂಶ: ವಿಮಾನವು ಬಹಳ ಎತ್ತರದಲ್ಲಿ ಹಾರತಕ್ಕದ್ದಾದ ಕಾರಣ ಚಳಿಯಿಂದ ರೋಮ ಬಿಳಿಚಿಕೊಳ್ಳುವ ಸಂಭವ ಉಂಟು. ಬಾಲದ ಬೆಳವಣಿಗೆ ಸಮುದ್ರದ ಹವೆಯಿಂದ ಆಗಿರಬಹುದು. ಮರಿಗಳು ಈ ಕಛೇರಿಯ ವ್ಯಾಪ್ತಿಗೆ ಬರುವುದಿಲ್ಲ.

ಮೇಡಂ ಅವರು ಕುರುಡರಲ್ಲ. ಆ ಬಿಳಿಯದರ ಮೇಲೆ ಅವರಿಗೂ ಮನಸ್ಸು ಕೂತಿರಬೇಕು, ಮತ್ತೆ ಕೇಳಲಿಲ್ಲ. ಒಂದು ಮರಿಗೆ ‘ಸಿದ್ದಯ್ಯ’ ಎಂದು ಹೆಸರಿಟ್ಟಿರುವುದಾಗಿ ಒಂದು ಕಾರ್ಡು ಬರೆದರು. ಹೆಡ್ ಗುಮಾಸ್ತೆಯವರು ಆ ಕಾರ್ಡನ್ನು ಬಂದವರಿಗೆಲ್ಲ ತೋರಿಸುತ್ತಾರೆ.

೧೦. ಹೀಗಿರಲಾಗಿ ತಮ್ಮ ಡಂಗುರ. ನಾನು ನೆನ್ನೆ ದಿನ ಬಿಲ್ಲೆ ಗುಮಾಸ್ತೆ ಪುಟ್ಟರಾಜು ಅವರ ಕಿಟಕಿಗೆ ಹೋದೆ.

“ಅದು ದೊರೆ ನಾಯಿ ಅಲ್ವೇನಯ್ಯ? ದೊರೆ ನಾಯಿ ಬಿಲ್ಲೆ ನಂಬರು ಹದಿನಾಲ್ಕು ಕಾಗದಪತ್ರದ ಜೊತೆ ಬೊಂಬಾಯಿಗೆ ವರ್ಗ ಆಗಿದೆ. ಒಂದು ನಾಯಿಗೆ ಎರಡು ಬಿಲ್ಲೆ ಕೊಡೋಕಾಗಲ್ಲ.”

“ಸರಿ ಸ್ವಾಮಿ, ದೊರೆ ನಾಯಿ ಅಲ್ಲ, ಬೇರೆ ನಾಯಿ ಅಂತಲೇ ಬರ್ಕೊಳಿ.”

“ಬೇರೆ ನಾಯಿ ಆದ್ರೆ ಎಲ್ಲಿ ಹುಟ್ಟಿತು? ತಾಯಿಗೆ ಬಿಲ್ಲೆ ಇತ್ತೇ?”

“ತಾಯಿ ಸೀಮೇಲಿ ಸ್ವಾಮಿ.”

“ಸೀಮೆ ತಾಯಿ ಅಂದ್ರೆ ದೊರೆ ನಾಯಿ ಆಯ್ತಲ್ಲಯ್ಯ!” ಎಂದು ಅವರು ಎದ್ದದ್ದು, ಆಗಲೇ ಎಲೆಅಡಿಕೆ ಉಗಿದದ್ದು, ಬರೆದು ಕೊಡು ಎಂದದ್ದು. ಪುಟ್ಟರಾಜು ಅವರು ಕೆಟ್ಟವರಲ್ಲ. ಅವರ ರಿಜಿಸ್ಟರಿನಲ್ಲಿ ನಡೆದು ಬಂದ ನಾಯಿಗೆ ಕಲಂ ಇಲ್ಲ, ಅಷ್ಟೆ.

ಅಲ್ಲಿಂದ ತಿರುಗಿದಾಗ ತಮ್ಮ ಕಮಿಟಿಯ ಮೆಂಬರೂ ಆದ ದೊಡ್ಡಸಿದ್ದಯ್ಯನವರು ಜಗಲಿಯಲ್ಲಿ ನಿಂತಿದ್ದರು. ನನ್ನ ಭುಜದ ಮೇಲೆ ಕೈಯಿಟ್ಟರು. ಇಪ್ಪತ್ತು ವರ್ಷದಲ್ಲಿ ಇಟ್ಟವರಲ್ಲ. “ಯಾಕೋ ಅಂಕ ಓಡಾಡ್ತೀಯ? ಶನಿವಾರ ಕಳೀಲಿ, ಎಲ್ಲ ಸರಿಹೋಗುತ್ತೆ” ಎಂದರು.

ಎಲ್ಲ ಎಂದರೆ ಏನೆಂದು ಅರ್ಜಿದಾರನಿಗೆ ಅರ್ಥವಾಗಿದೆ. ಬೊಂಬಾಯಿಯಲ್ಲಿ ಒಂದು ನಾಯಿ, ದಾಖಲೆಯಲ್ಲಿ ಒಂದು ನಾಯಿ. ಹೆಚ್ಚಾಗಿರುವುದು ನಮ್ಮ ಒಲೆ ಪಕ್ಕದ್ದು. ಅದು ಹೋದರೆ ಲೆಕ್ಕ ಸರಿ.

ಕಾರಣ, ನಾಯಿ ಸುಳ್ಳು ಹೇಳಿಲ್ಲವಾದ ಕಾರಣ, ಅದು ಓಡಿದ್ದು ಚಿಲಕ ತೆಗೆದ ಮೇಲಾದ ಕಾರಣ, ಹನ್ನೊಂದು ದಿವಸ ಯಾರ ಸಹಾಯವನ್ನೂ ಕೇಳದೆ ಬಂದ ಕಾರಣ, ಮತ್ತು ಮಲ್ಲಿಗಮ್ಮ ನೆನ್ನೆಯಿಂದ ಮುದ್ದೆ ಮುಟ್ಟದೆ ಕೂತಿರುವ ಕಾರಣ, ಆದ್ದರಿಂದ ಮಾನ್ಯರು:

ಅ) ಸದರಿ ನಾಯಿಗೆ ಇವತ್ತು ಸಾಯಂಕಾಲದೊಳಗೆ ಒಂದು ಬಿಲ್ಲೆ ಕೊಡಿಸಬೇಕು;

ಆ) ಅದಾಗದಿದ್ದರೆ, ಬೊಂಬಾಯಿಯಲ್ಲಿ ಮರಿ ಹಾಕಿರುವ ಬ್ಯಾರನ್‌ನನ್ನು ವಾಪಸು ಕರೆಸಿ, ಎರಡನ್ನೂ ಹೆಡ್ ಗುಮಾಸ್ತೆಯವರ ಎದುರು ನಿಲ್ಲಿಸಿ, ಯಾವುದು ಗಂಡು ಎಂಬುದನ್ನು ಬರೆಸಿಕೊಳ್ಳಬೇಕು. ಕೇಳಿ ಅಲ್ಲ, ನೋಡಿ;

ಇ) ಅದೂ ಆಗದಿದ್ದರೆ, ಮುಂದೆ ಈ ಕ್ಯಾಂಪಿನಿಂದ ಯಾವ ಜೀವವನ್ನು ಕಳಿಸುವುದಾದರೂ ಹದಿನೈದನೇ ಸೂಚನೆಯಾಗಿ “ಪೆಟ್ಟಿಗೆಯ ಹತ್ತಿರ ಗುಮಾಸ್ತೆಯನ್ನು ಬಿಡಕೂಡದು” ಎಂದು ಸೇರಿಸಬೇಕು.

ಇಷ್ಟನ್ನು ಬರೆದುಕೊಂಡ ತಮ್ಮ ವಿಶ್ವಾಸಿಯೂ, ನಾಳೆ ಬೆಳಗಿನ ತನಕ ಒಂದು ನಾಯಿಯ ಯಜಮಾನನೂ ಆದ,
ಅಂಕಯ್ಯ.

ಲಗತ್ತುಗಳು:
೧) “ಬೊಂಬಾಯಿಗೆ. ಜೋಪಾನ” ಎಂಬ ಚೀಟಿ, ಮಣ್ಣು ಸಹಿತ.
೨) ಹದಿನಾಲ್ಕು ಸೂಚನೆಗಳ ಹಾಳೆ, ಗೋಡೆಯಿಂದ ಬಿಡಿಸಿದ್ದು. ಕಛೇರಿಗೆ ಈಗ ಅದರ ಉಪಯೋಗವಿಲ್ಲ.
೩) ಗಫಾರ್ ಸಾಹೇಬರ ಹೇಳಿಕೆ, ಅವರದೇ ಸಹಿ. ಬೀಗ ಹಾಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೆಂದು ಕೆಳಗೆ ಉರ್ದುವಿನಲ್ಲಿ ಇನ್ನೊಂದು ಸಲ ಬರೆದಿದ್ದಾರೆ.

ಷರಾ: ಮಸಿ ಒಣಗಲೆಂದು ಮೇಲಿನದನ್ನು ಹೊಸಿಲ ಮೇಲೆ ಇಟ್ಟಿದ್ದಾಗ ನಾಯಿ ಹಿಡಿಯುವ ಬೋರಯ್ಯ ಕುಣಿಕೆ ಕೋಲು ಹಿಡಿದುಕೊಂಡು ಬಾಗಿಲಿಗೆ ಬಂದ. ಶನಿವಾರವಲ್ಲವೇ ಎಂದು ಕೇಳಿದೆ.

“ಎಡ್ ಗುಮಾಸ್ತ್ರು ಇವತ್ತೇ ಓಗು ಅಂದವ್ರೆ ಕಣಣ್ಣ. ಮೊದ್ಲು ನಿನ್ ಮನೆಗೇ ಓಗು ಅಂದವ್ರೆ. ನಾನೇನ್ ಮಾಡ್ಲಿ? ಬಿಲ್ಲೆ ಐತಾ?”

ಮಲ್ಲಿಗಮ್ಮ ಒಳಗಿಂದ ಬೈರನನ್ನು ಕರೆದುಕೊಂಡು ಬಂದಳು. ಗೂಟದಲ್ಲಿ ನೇತುಹಾಕಿದ್ದ ನನ್ನ ದವಾಲಿ, ನಾನು ಎದೆಗೆ ಅಡ್ಡ ಹಾಕಿಕೊಂಡು ಕಛೇರಿಗೆ ಹೋಗುವ ಕೆಂಪು ಪಟ್ಟಿ, ಅದರ ಹಿತ್ತಾಳೆ ಬಿಲ್ಲೆ ಸಮೇತ, ಎರಡು ಸುತ್ತಾಗಿ ನಾಯಿಯ ಕೊರಳಲ್ಲಿತ್ತು.

“ಐತೆ. ನೋಡ್ಕೊ” ಎಂದಳು.

ಬೋರಯ್ಯನಿಗೆ ಓದು ಬಾರದು. ಬಗ್ಗಿ ಬಿಲ್ಲೆಯನ್ನು ಹೆಬ್ಬೆಟ್ಟಿನಿಂದ ಉಜ್ಜಿದ. “ಇದೇನವ್ವ, ಗಂಡಭೇರುಂಡ ಐತೆ!”

“ದೊರೆ ನಾಯಿ ಅಲ್ವೇನಪ್ಪ. ಇರ್ದೇ ಇರ್ತದಾ?”

“ನಂಬರು?”

“ಒಂಬತ್ತು” ಎಂದೆ. ಬಿಲ್ಲೆಯ ಬಗ್ಗೆ ನಾನು ಆಡಿದ್ದು ಅದೊಂದೇ ಮಾತು, ಸುಳ್ಳಲ್ಲ. ಬೋರಯ್ಯ ಕೋಲಿನ ಮೇಲೆ ಸುಣ್ಣದಿಂದ ಒಂಬತ್ತು ಗೆರೆ ಎಳೆದುಕೊಂಡು, ಬಿಲ್ಲೆಗೋ ನಾಯಿಗೋ ಒಂದು ಸಲಾಮು ಮಾಡಿ, ಮುಂದಿನ ಮನೆಗೆ ಹೋದ.

ಆದ್ದರಿಂದ ಮೇಲಿನ ಕೋರಿಕೆಗಳಿಗೆ ಒಂದು ತಿದ್ದುಪಡಿ. ದವಾಲಿ ಇಲ್ಲದ ಜವಾನನು ಕಛೇರಿಯ ಮೆಟ್ಟಿಲು ಹತ್ತಕೂಡದೆಂದು ಖಾಯಂ ಹುಕುಂ ಇದೆ. ಬಿಲ್ಲೆ ಇಲ್ಲದ ನಾಯಿಯು ಬದುಕಿರಕೂಡದೆಂದು ತಮ್ಮ ಹುಕುಂ ಇದೆ. ನಮ್ಮಿಬ್ಬರಿಗೂ ಸೇರಿ ಇರುವುದು ಒಂದೇ ಹಿತ್ತಾಳೆ. ಕಾರಣ, ನಾಯಿಗೆ ಸ್ವಂತ ಬಿಲ್ಲೆ ಬರುವ ತನಕ ಹಾಜರಿ ಪುಸ್ತಕದಲ್ಲಿ ನಂಬರು ೯ರ ಎದುರು ಅದನ್ನೇ ಹಾಜರೆಂದು ಬರೆದುಕೊಳ್ಳಬೇಕಾಗಿ ಕೋರುತ್ತೇನೆ. ಸದರಿ ಜವಾನನು ಟಪಾಲಿನೊಂದಿಗೆ ಎಷ್ಟು ದೂರ ಕಳಿಸಿದರೂ ದಾರಿ ತಪ್ಪದೆ ವಾಪಸು ಬರುವನೆಂಬುದು ಅನುಭವದಿಂದ ತಿಳಿದ ವಿಷಯ.

ಈ ಸಾಲು ಬರೆಯುತ್ತಿರುವಾಗಲೇ ಕಛೇರಿಯಲ್ಲಿ ಹತ್ತೂವರೆ ಗಂಟೆ ಹೊಡೆಯಿತು. ರೂಢಿಯಂತೆ ನಾನು ಎದ್ದೆ. ನಂಬರು ಒಂಬತ್ತೂ ಎದ್ದು, ಮೈ ಕೊಡವಿಕೊಂಡು, ನನಗಿಂತ ಮುಂಚೆ ಹೊಸಿಲು ದಾಟಿತು.